ಡಿಸ್‌ಪ್ಲೇಯ 121 ನಿಜವಾದ 121 ಹೌದಾ? ಆಟೋಕ್ಲೇವ್ ಕೆಲಸ ಮಾಡುವ ಬಗೆ, ಅದರ ಟೆಂಪರೇಚರ್ ಸೆನ್ಸರ್ ಕ್ಯಾಲಿಬ್ರೇಶನ್

ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ. ಅದರ ಡಿಸ್‌ಪ್ಲೇ ಮೇಲೆ 121 ಡಿಗ್ರಿ ಸೆಲ್ಸಿಯಸ್ ಕಂಡರೆ ನಮಗೆ ನೆಮ್ಮದಿ. ಆದರೆ ಆ ಅಂಕಿ ಹೇಳುವುದು ಒಂದೇ ಸಂಗತಿ. ಸೆನ್ಸರ್‌ನ ತುದಿ ಎಷ್ಟು ಬಿಸಿಯಾಗಿದೆ ಎಂದು ಕಂಟ್ರೋಲರ್ ಅಂದುಕೊಂಡಿದೆಯೋ ಅಷ್ಟು. ಒಳಗಿಟ್ಟ ಕತ್ತರಿ, ಬಟ್ಟೆ ಗಂಟು, ಅಗಾರ್ ಬಾಟಲಿ ಎಷ್ಟು ಬಿಸಿಯಾಗಿವೆ ಅನ್ನುವುದು ಬೇರೆ ಮಾತು.

ಆಸ್ಪತ್ರೆ, ಮೈಕ್ರೋಬಯಾಲಜಿ ಲ್ಯಾಬ್, ಬಾಳೆ ಟಿಶ್ಯೂ ಕಲ್ಚರ್ ಘಟಕ, ಅಣಬೆ ಬೀಜ ಮಾಡುವ ಶೆಡ್, ಹೀಗೆ ಆಟೋಕ್ಲೇವ್ ಇರುವ ಕಡೆಯಲ್ಲೆಲ್ಲ ಒಂದು ಅಭ್ಯಾಸ ಇದೆ. ರೀಡಿಂಗ್ ಸ್ವಲ್ಪ ಹೆಚ್ಚುಕಮ್ಮಿ ಬಂದರೆ ಸೀದಾ ಕಂಟ್ರೋಲರ್‌ಗೆ ಕೈ ಹಾಕಿ ಆಫ್‌ಸೆಟ್ (ರೀಡಿಂಗ್‌ಗೆ ಕೂಡಿಸುವ ಅಥವಾ ಕಳೆಯುವ ತಿದ್ದುಪಡಿ ಅಂಕಿ) ಬದಲಿಸಿಬಿಡುತ್ತಾರೆ. ಇದನ್ನು ಬಿಡಿಸುವುದೇ ಈ ಬರಹದ ಉದ್ದೇಶ. ಹಬೆಯ ಯಂತ್ರದಲ್ಲಿ ಉಷ್ಣಾಂಶಕ್ಕೆ ಒಬ್ಬ ಸಾಕ್ಷಿದಾರ ಪುಕ್ಕಟೆಯಾಗಿ ಸಿಗುತ್ತಾನೆ, ಅವನೇ ಪ್ರೆಶರ್. ಆಫ್‌ಸೆಟ್ ಮುಟ್ಟುವ ಮುಂಚೆ ಅವನನ್ನು ಕೇಳಬೇಕು.

ಹಬೆಗೆ ಆ ಶಕ್ತಿ ಎಲ್ಲಿಂದ

ಒಣ ಬಿಸಿಗಾಳಿಯ ಓವನ್‌ನಲ್ಲಿ ಗಾಜಿನ ಸಾಮಾನು ಸ್ಟೆರಿಲೈಸ್ ಮಾಡಲು 160 ಡಿಗ್ರಿಯಲ್ಲಿ 2 ಗಂಟೆ ಇಡುತ್ತೇವೆ. ಹಬೆಯಲ್ಲಾದರೆ 121 ಡಿಗ್ರಿ, 15 ನಿಮಿಷ ಸಾಕು. 134 ಡಿಗ್ರಿಯಾದರೆ 3 ನಿಮಿಷ. ಇಷ್ಟೊಂದು ಅಂತರ ಬರುವುದು ಹಬೆ ನೀರಾಗುವ ಆ ಒಂದು ಕ್ಷಣದಿಂದ. 121 ಡಿಗ್ರಿಯ ಒಂದು ಕಿಲೋ ಹಬೆ ತಣ್ಣನೆಯ ಕತ್ತರಿ ಮೇಲೆ ಕೂತು ನೀರಾದರೆ ಸುಮಾರು 2200 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಅದೇ ಒಂದು ಕಿಲೋ ನೀರು ಒಂದು ಡಿಗ್ರಿ ತಣ್ಣಗಾದರೆ ಕೊಡುವುದು ಬರೀ 4.2 ಕಿಲೋಜೂಲ್. ಜೊತೆಗೆ ಆ ತೇವ ಕ್ರಿಮಿಯ ಪ್ರೋಟೀನನ್ನು ಬೇಗ ಕೆಡಿಸುತ್ತದೆ. ಒಣ ಶಾಖಕ್ಕೆ ಈ ಅನುಕೂಲ ಇಲ್ಲ.

ಅಡುಗೆಮನೆಯ ಕುಕ್ಕರ್‌ನದೂ ಇದೇ ತತ್ವ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದರೆ ನೀರು ಕುದಿಯುವ ಬಿಂದುವೂ ಏರುತ್ತದೆ. ಡೆನಿಸ್ ಪಾಪಿನ್ 1679ರಲ್ಲೇ ಇಂಥ ಪಾತ್ರೆ ಮಾಡಿ ತೋರಿಸಿದ್ದ. ಅದನ್ನು ಕ್ರಿಮಿ ಕೊಲ್ಲುವ ಯಂತ್ರವಾಗಿಸಿದ್ದು ಪಾಶ್ಚರ್‌ನ ಸಹಾಯಕ ಚಾರ್ಲ್ಸ್ ಶಾಂಬರ್ಲಾಂಡ್, 1879ರಲ್ಲಿ.

ಗಾಳಿ ಬೆರೆಯದ ಶುದ್ಧ ಹಬೆಯಲ್ಲಿ ಒತ್ತಡವೂ ಉಷ್ಣಾಂಶವೂ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಒಂದು ಗೊತ್ತಾದರೆ ಇನ್ನೊಂದು ಗೊತ್ತಾದಂತೆಯೇ. ಈ ಪಟ್ಟಿಯನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡಿ. ಇಲ್ಲಿರುವುದು ಗೇಜ್ ಪ್ರೆಶರ್ (ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನುವ ಅಂಕಿ) ಅಲ್ಲ, ಆಬ್ಸಲ್ಯೂಟ್ ಪ್ರೆಶರ್ (ಹೊರಗಿನ ಗಾಳಿಯ ಒತ್ತಡವೂ ಸೇರಿದ ಒಟ್ಟು ಅಂಕಿ):

- 110 ಡಿಗ್ರಿ: 1.43 ಬಾರ್
- 115 ಡಿಗ್ರಿ: 1.69 ಬಾರ್
- 120 ಡಿಗ್ರಿ: 1.985 ಬಾರ್
- 121 ಡಿಗ್ರಿ: 2.05 ಬಾರ್
- 125 ಡಿಗ್ರಿ: 2.32 ಬಾರ್
- 134 ಡಿಗ್ರಿ: 3.04 ಬಾರ್

121ರ ಆಸುಪಾಸಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 0.065 ಬಾರ್. 134ರ ಹತ್ತಿರ ಸುಮಾರು 0.09 ಬಾರ್. ಒಳ್ಳೆಯ ಗೇಜ್ ಇದ್ದರೆ ಅರ್ಧ ಡಿಗ್ರಿಯ ತಪ್ಪನ್ನೂ ಪ್ರೆಶರ್ ನೋಡಿಯೇ ಹಿಡಿಯಬಹುದು.

ಗಾಳಿ ಮಾಡುವ ಮೋಸ

ಗೇಜ್‌ಗೆ ಒಟ್ಟು ಒತ್ತಡ ಮಾತ್ರ ಗೊತ್ತು. ಅದರಲ್ಲಿ ಹಬೆಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಅಂತ ಗೊತ್ತಿಲ್ಲ. ಚೇಂಬರ್ ಒಳಗೆ ಒಟ್ಟು 2.05 ಬಾರ್ ಇದೆ, ಅದರಲ್ಲಿ 0.5 ಬಾರ್ ಗಾಳಿಯದ್ದು ಅಂದುಕೊಳ್ಳಿ. ಹಬೆಯ ಪಾಲು 1.55 ಬಾರ್ ಮಾತ್ರ. ಅದಕ್ಕೆ ತಕ್ಕ ಉಷ್ಣಾಂಶ ಸುಮಾರು 112 ಡಿಗ್ರಿ. ಗೇಜ್ ನೋಡಿದರೆ ಎಲ್ಲ ಸರಿ, ಒಳಗೆ 9 ಡಿಗ್ರಿ ಖೋತಾ.

ಗಾಳಿ ಹಬೆಗಿಂತ ಭಾರ. ಹಾಗಾಗಿ ಅದು ಕೆಳಗೆ ಸೇರುತ್ತದೆ, ಬಟ್ಟೆ ಗಂಟಿನ ಒಳಗೆ ಮತ್ತು ಮುಚ್ಚಿದ ಡಬ್ಬಿಯ ತಳದಲ್ಲಿ ಕೂತುಬಿಡುತ್ತದೆ. ಡ್ರೈನ್ ಕೆಳಗಿರುವುದಕ್ಕೂ, ದೊಡ್ಡ ಯಂತ್ರಗಳಲ್ಲಿ ಕಂಟ್ರೋಲ್ ಸೆನ್ಸರನ್ನು ಡ್ರೈನ್ ಲೈನಿನಲ್ಲೇ ಕೂರಿಸುವುದಕ್ಕೂ ಇದೇ ಕಾರಣ. ಅಲ್ಲಿ 121 ಬಂದರೆ ಖಾಲಿ ಚೇಂಬರಿನ ಬೇರೆ ಕಡೆ ಬಂದಿರುವ ಸಾಧ್ಯತೆ ಹೆಚ್ಚು. ಡ್ರೈನ್ ಜಾಲರಿಯಲ್ಲಿ ಹತ್ತಿ, ಲೇಬಲ್ ಚೂರು, ಉಕ್ಕಿ ಬಿದ್ದ ಅಗಾರ್ ಸಿಕ್ಕಿಕೊಂಡಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಕ್ಯಾಲಿಬ್ರೇಶನ್‌ಗೆ, ಅಂದರೆ ಸೆನ್ಸರನ್ನು ನಂಬಲರ್ಹ ಥರ್ಮಾಮೀಟರ್ ಜೊತೆ ಹೋಲಿಸಿ ನೋಡಲು, ಹೊರಡುವ ಮುಂಚೆ ಆ ಜಾಲರಿ ತೆಗೆದು ತೊಳೆಯಿರಿ. ಎಷ್ಟೋ "ಸೆನ್ಸರ್ ದೋಷ" ಅಲ್ಲಿಗೇ ವಾಸಿಯಾಗುತ್ತದೆ.

ಲ್ಯಾಬಿನ ಸಾದಾ ವರ್ಟಿಕಲ್ ಯಂತ್ರಗಳಲ್ಲಿ ಹಬೆ ತಾನೇ ಗಾಳಿಯನ್ನು ಹೊರಕ್ಕೆ ತಳ್ಳಬೇಕು. ವೆಂಟ್ ವಾಲ್ವ್ ತೆರೆದಿಟ್ಟು, ಹಬೆ ಒಂದೇ ಸಮ ಬರಲು ಶುರುವಾದ ಮೇಲೂ 5ರಿಂದ 10 ನಿಮಿಷ ಬಿಡಬೇಕು. ಆಸ್ಪತ್ರೆಯ ದೊಡ್ಡ ಯಂತ್ರಗಳಲ್ಲಿ ವ್ಯಾಕ್ಯೂಮ್ ಪಂಪು ಗಾಳಿ ಎಳೆಯುತ್ತದೆ. ಆ ಕೆಲಸ ಸರಿಯಾಗಿ ಆಯಿತಾ ಅಂತ ನೋಡಲು ಬೋವಿ-ಡಿಕ್ ಪರೀಕ್ಷೆ ಇದೆ. ಅದು ಗಾಳಿಯನ್ನು ಹಿಡಿಯುವ ಪರೀಕ್ಷೆ. ಅದು ಪಾಸಾಯಿತು ಅಂದಮಾತ್ರಕ್ಕೆ ಥರ್ಮಾಮೀಟರ್ ಸರಿ ಇದೆ ಅಂತ ಅಲ್ಲ.

ಬೆಂಗಳೂರಿನ 15 ಪಿಎಸ್‌ಐ ಬೇರೆ, ಮಂಗಳೂರಿನ 15 ಬೇರೆ

"15 ಪಿಎಸ್‌ಐ, 15 ನಿಮಿಷ" ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಸಮುದ್ರಮಟ್ಟದಲ್ಲಿ ಅದು ಸರಿ. ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ 1.01 ಬಾರ್, ಗೇಜಿನ 15 ಪಿಎಸ್‌ಐ ಅಂದರೆ 1.03 ಬಾರ್. ಕೂಡಿಸಿದರೆ ಹತ್ತಿರ ಹತ್ತಿರ 2.05, ಅಂದರೆ 121 ಡಿಗ್ರಿ.

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಒತ್ತಡ ಸುಮಾರು 0.91 ಬಾರ್. ಅದೇ 15 ಪಿಎಸ್‌ಐ ಕೂಡಿಸಿದರೆ ಬರುವುದು 1.94, ಅಂದರೆ ಸುಮಾರು 119.4 ಡಿಗ್ರಿ. ಮಡಿಕೇರಿಯಲ್ಲಿ 119ಕ್ಕೂ ತುಸು ಕೆಳಗೆ. ಪ್ರೆಶರ್ ಸ್ವಿಚ್ ನೋಡಿಯೇ ಓಡುವ, ಟೆಂಪರೇಚರ್ ಸೆನ್ಸರೇ ಇಲ್ಲದ ಹಳೇ ವರ್ಟಿಕಲ್ ಯಂತ್ರ ನಿಮ್ಮದಾದರೆ, ಬೆಂಗಳೂರಿನಲ್ಲಿ 121 ತಲುಪಲು ಗೇಜಿನಲ್ಲಿ ಸುಮಾರು 16.5 ಪಿಎಸ್‌ಐ ಬೇಕು. ಯಂತ್ರದ ಪ್ಲೇಟಿನ ಮೇಲೆ ಬರೆದ ಮಿತಿ ಮತ್ತು ಸೇಫ್ಟಿ ವಾಲ್ವ್‌ನ ಸೆಟ್ಟಿಂಗ್ ಅದಕ್ಕೆ ಅವಕಾಶ ಕೊಟ್ಟರೆ ಮಾತ್ರ ಏರಿಸಿ. ಇಲ್ಲದಿದ್ದರೆ ಸಮಯ ಹೆಚ್ಚಿಸಿ. 119.4 ಡಿಗ್ರಿಯಲ್ಲಿ 15 ನಿಮಿಷದ ಬದಲು ಸುಮಾರು 22 ನಿಮಿಷ ಬೇಕಾಗುತ್ತದೆ.

ಹೊರಗಿನ ಒತ್ತಡ ಎಷ್ಟು ಅಂತ ತಿಳಿಯಲು ಹವಾಮಾನ ವರದಿ ನೋಡಿದರೆ ಬೇಸ್ತುಬೀಳುತ್ತೀರಿ. ಅಲ್ಲಿ ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಬೆಂಗಳೂರಿಗೂ 1010 ಮಿಲಿಬಾರ್ ಅಂತಲೇ ಬರೆದಿರುತ್ತಾರೆ! ಬಾರೋಮೀಟರ್ ಇಟ್ಟು ನೋಡಿ. ಕೆಲವು ಮೊಬೈಲ್‌ಗಳಲ್ಲೂ ಒತ್ತಡದ ಸೆನ್ಸರ್ ಇರುತ್ತದೆ, ಅಂದಾಜಿಗೆ ಅದು ಸಾಕು.

ಸೆನ್ಸರ್ ಒಳಗೆ ಏನಿದೆ

ಈಗಿನ ಆಟೋಕ್ಲೇವ್‌ಗಳಲ್ಲಿ ಹೆಚ್ಚಾಗಿ ಇರುವುದು ಪಿಟಿ-100. ಸ್ಟೀಲ್ ಕೊಳವೆಯ ತುದಿಯಲ್ಲಿ ಪ್ಲಾಟಿನಂ ತಂತಿಯ ಸುರುಳಿ ಅಥವಾ ತೆಳು ಪದರ. ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.51, 121ರಲ್ಲಿ 146.44, 134ರಲ್ಲಿ 151.33. ಐಇಸಿ 60751 ಅನ್ನುವ ಮಾನಕದ ಪ್ರಕಾರ ಇದು. 121ರ ಬಳಿ ಒಂದು ಡಿಗ್ರಿಗೆ 0.38 ಓಮ್‌ನಷ್ಟೇ ಬದಲಾವಣೆ.

ಈ 0.38 ಓಮ್ ಎಷ್ಟು ಚಿಕ್ಕದು ಅಂತ ಮನಸ್ಸಿಗೆ ತಂದುಕೊಳ್ಳಿ. 0.5 ಚದರ ಮಿ.ಮೀ. ತಾಮ್ರದ ವೈರು 5 ಮೀಟರ್ ಹೋಗಿ ವಾಪಸ್ ಬಂದರೆ ಅದರದ್ದೇ ಸುಮಾರು 0.35 ಓಮ್. ಎರಡೇ ವೈರಿನಲ್ಲಿ ಜೋಡಿಸಿದ ಪಿಟಿ-100 ಹಾಗಾಗಿಯೇ ಒಂದು ಡಿಗ್ರಿ ಜಾಸ್ತಿ ತೋರಿಸುತ್ತದೆ. ಮೂರು ವೈರಿನದ್ದಾದರೆ ಕಂಟ್ರೋಲರ್ ಇದನ್ನು ಲೆಕ್ಕದಿಂದ ಕಳೆಯುತ್ತದೆ, ಆದರೆ ಮೂರೂ ವೈರು ಒಂದೇ ಉದ್ದ, ಒಂದೇ ದಪ್ಪ ಇರಬೇಕು. ನಾಲ್ಕು ವೈರಿನದ್ದಕ್ಕೆ ಆ ಚಿಂತೆಯೂ ಇಲ್ಲ. ಹಬೆಯ ಕೋಣೆಯಲ್ಲಿ ಟರ್ಮಿನಲ್‌ಗಳು ಬೇಗ ಹಸಿರುಗಟ್ಟುತ್ತವೆ. ಒಂದು ಸ್ಕ್ರೂ ಸಡಿಲವಾದರೆ ಸಾಕು, ರೀಡಿಂಗ್ ಓಲಾಡುತ್ತದೆ.

ತಪ್ಪು ಯಾವ ಕಡೆಗಿದೆ ಅನ್ನುವುದರಿಂದಲೇ ಕಾಯಿಲೆ ಊಹಿಸಬಹುದು. ವೈರಿನಲ್ಲಿ, ಟರ್ಮಿನಲ್‌ನಲ್ಲಿ ರೆಸಿಸ್ಟೆನ್ಸ್ ಸೇರಿಕೊಂಡರೆ ರೀಡಿಂಗ್ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಕೊಳವೆಯೊಳಗೆ ತೇವ ನುಗ್ಗಿ ಇನ್ಸುಲೇಶನ್ ಕೆಟ್ಟರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ, ಆಗ ರೀಡಿಂಗ್ ಕೆಳಕ್ಕೆ ಬರುತ್ತದೆ.

ಇವೆರಡರಲ್ಲಿ ಅಪಾಯದ್ದು ಜಾಸ್ತಿ ತೋರಿಸುವ ಸೆನ್ಸರ್. ಅದು 121 ಅನ್ನುವಾಗ ಒಳಗೆ 119 ಇರುತ್ತದೆ, ಕಂಟ್ರೋಲರ್ ಹೀಟರ್ ಆರಿಸಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಮ್ಮಿ ತೋರಿಸುವ ಸೆನ್ಸರ್ ಸಾಮಾನನ್ನು ಅತಿಯಾಗಿ ಬೇಯಿಸುತ್ತದೆ. ಸಕ್ಕರೆ ಇರುವ ಮೀಡಿಯಾ ಕಂದುಗಟ್ಟುತ್ತದೆ, ಹುಳಿ ಜಾಸ್ತಿ ಇರುವ ಅಗಾರ್ ಗಟ್ಟಿಯಾಗುವುದಿಲ್ಲ. ನಷ್ಟ ಇದೆ ನಿಜ, ಆದರೆ ಕಣ್ಣಿಗೆ ಕಾಣುವ ನಷ್ಟ.

ಎರಡು ಡಿಗ್ರಿಗೆ ಇಷ್ಟು ರಂಪ ಯಾಕೆ ಅಂತ ಕೇಳುವವರಿಗೆ ಲೆಕ್ಕ ಇದೆ. ಹಬೆಗೆ ಜಗ್ಗದ ಬೀಜಾಣುಗಳ ವಿಷಯದಲ್ಲಿ ಉಷ್ಣಾಂಶ 10 ಡಿಗ್ರಿ ಇಳಿದರೆ ಕೊಲ್ಲುವ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ ಎಂದು ಹಿಡಿಯುತ್ತಾರೆ. ಒಂದು ಡಿಗ್ರಿ ಇಳಿದರೆ ವೇಗ 0.79ಕ್ಕೆ ಬರುತ್ತದೆ. ಎರಡು ಇಳಿದರೆ 0.63, ಮೂರು ಇಳಿದರೆ 0.5. ಅಂದರೆ 118 ಡಿಗ್ರಿಯ 15 ನಿಮಿಷ 121ರ ಏಳೂವರೆ ನಿಮಿಷಕ್ಕೆ ಸಮ. ಅರ್ಧಕ್ಕರ್ಧ.

ಹಂತ 1: ಯಂತ್ರ ಬಿಚ್ಚಬೇಡಿ, ಮೊದಲು ಓಡಿಸಿ

ಖಾಲಿ ಚೇಂಬರ್‌ನಲ್ಲಿ ಒಂದು ಸೈಕಲ್ ಓಡಿಸಿ. ತಣ್ಣಗಿದ್ದಾಗ, ಬಾಗಿಲು ತೆರೆದಿದ್ದಾಗ ಗೇಜ್ ಸೊನ್ನೆ ತೋರಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಡಿಜಿಟಲ್ ಪ್ರೆಶರ್ ಆದರೆ ಅದು ಗೇಜ್ ಅಂಕಿಯೋ ಆಬ್ಸಲ್ಯೂಟ್ ಅಂಕಿಯೋ ಖಚಿತ ಮಾಡಿಕೊಳ್ಳಿ. ಬಾಗಿಲು ತೆರೆದಾಗ 0.9 ಬಾರ್ ತೋರಿಸಿದರೆ ಅದು ಆಬ್ಸಲ್ಯೂಟ್.

ಉಷ್ಣಾಂಶ 121ಕ್ಕೆ ಬಂದು ನಿಂತ ಮೇಲೆ ಐದು ನಿಮಿಷ ಬಿಡಿ. ಆಮೇಲೆ ನಿಮಿಷಕ್ಕೊಮ್ಮೆ ಉಷ್ಣಾಂಶವನ್ನೂ ಒತ್ತಡವನ್ನೂ ಒಟ್ಟಿಗೆ ಬರೆದುಕೊಳ್ಳಿ. ಗೇಜ್ ಅಂಕಿಗೆ ಆ ದಿನದ ಬಾರೋಮೀಟರ್ ಅಂಕಿ ಕೂಡಿಸಿ, ಪಟ್ಟಿಯ ಜೊತೆ ತಾಳೆ ನೋಡಿ.

ಡಿಸ್‌ಪ್ಲೇಯ ಉಷ್ಣಾಂಶ ಪಟ್ಟಿಗಿಂತ ಕಮ್ಮಿ ಬಂದರೆ ಮೂರು ಸಾಧ್ಯತೆ: ಒಳಗೆ ಗಾಳಿ ಇದೆ, ಸೆನ್ಸರ್ ಕಮ್ಮಿ ಹೇಳುತ್ತಿದೆ, ಇಲ್ಲವೇ ಗೇಜ್ ಜಾಸ್ತಿ ಹೇಳುತ್ತಿದೆ. ವೆಂಟ್ ಸಮಯ ಇನ್ನೂ ಐದು ನಿಮಿಷ ಹೆಚ್ಚಿಸಿ ಮತ್ತೆ ಓಡಿಸಿ. ವ್ಯಾಕ್ಯೂಮ್ ಯಂತ್ರವಾದರೆ ವ್ಯಾಕ್ಯೂಮ್ ಪಲ್ಸ್ (ಪಂಪು ಗಾಳಿ ಎಳೆಯುವ ಸುತ್ತುಗಳು) ಹೆಚ್ಚಿಸಿ. ಅಂತರ ಕರಗಿದರೆ ತಪ್ಪು ಗಾಳಿಯದ್ದು, ಸೆನ್ಸರನ್ನು ಸುಮ್ನೆ ಬಿಡಿ. ಇಲ್ಲೇ ಬಹಳ ಜನ ಎಡವುವುದು. ಗಾಳಿಯಿಂದ ಬಂದ ಕೊರತೆಗೆ ಆಫ್‌ಸೆಟ್ ಕೂಡಿಸಿದರೆ ಡಿಸ್‌ಪ್ಲೇ 121 ತೋರಿಸುತ್ತದೆ, ಗಾಳಿ ಮಾತ್ರ ಅಲ್ಲೇ ಇರುತ್ತದೆ. ಯಂತ್ರ ಕೊಟ್ಟ ಎಚ್ಚರಿಕೆಯ ಬಾಯಿಯನ್ನು ನಾವೇ ಮುಚ್ಚಿಸಿದ ಹಾಗಾಯಿತು ಅಲ್ವಾ?

ಉಷ್ಣಾಂಶ ಪಟ್ಟಿಗಿಂತ ಜಾಸ್ತಿ ಬಂದರೆ ಸೆನ್ಸರ್ ಜಾಸ್ತಿ ಹೇಳುತ್ತಿರಬಹುದು, ಗೇಜ್ ಕಮ್ಮಿ ಹೇಳುತ್ತಿರಬಹುದು, ಅಥವಾ ಹಬೆ ಸೂಪರ್‌ಹೀಟ್ ಆಗಿರಬಹುದು. ಚೇಂಬರ್ ಸುತ್ತಲಿನ ಹಬೆಯ ಹೊರಗವಚ, ಅಂದರೆ ಜಾಕೆಟ್, ಚೇಂಬರ್‌ಗಿಂತ ಬಹಳ ಬಿಸಿ ಇದ್ದರೆ ಹಾಗಾಗುತ್ತದೆ. ಆಗ ಹಬೆ ನೀರಾಗದೆ ಒಣ ಬಿಸಿಗಾಳಿಯಂತೆ ವರ್ತಿಸುತ್ತದೆ. ಜಾಕೆಟ್ ಪ್ರೆಶರ್ ಇಳಿಸಿ ಮತ್ತೆ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಅಂತರ ಉಳಿದರೆ, ಅಥವಾ ವರ್ಷದ ಕ್ಯಾಲಿಬ್ರೇಶನ್ ಗಡುವು ಬಂದಿದ್ದರೆ, ಮುಂದಿನ ಹಂತಕ್ಕೆ ಹೋಗಿ.

ಹಂತ 2: ಸೆನ್ಸರ್ ಹೊರಗೆ ತೆಗೆಯುವುದು

ಕರೆಂಟ್ ಆಫ್ ಮಾಡಿ, ಸಾಧ್ಯವಾದರೆ ಬೀಗ ಹಾಕಿ. ಸ್ಟೀಮ್ ಲೈನ್ ಇದ್ದರೆ ಅದರ ವಾಲ್ವನ್ನೂ ಮುಚ್ಚಿ. ಗೇಜ್ ಸೊನ್ನೆ, ಬಾಗಿಲು ತೆರೆದಿರಬೇಕು, ಚೇಂಬರ್ ಕೈಗೆ ತಾಗುವಷ್ಟು ತಣ್ಣಗಾಗಿರಬೇಕು. ಸೆನ್ಸರ್ ಪ್ರೆಶರ್ ಇರುವ ಗೋಡೆಯಲ್ಲೇ ಕೂತಿರುತ್ತದೆ. ಒಳಗೆ ಹಬೆ ಇದ್ದಾಗ ಅದನ್ನು ಗೋಡೆಗೆ ಬಿಗಿದಿರುವ ಗ್ಲ್ಯಾಂಡ್ ಬಿಚ್ಚಿದರೆ ಸೀದಾ ಮುಖಕ್ಕೇ ಹೊಡೆಯುತ್ತದೆ. ಈ ವಿಷಯದಲ್ಲಿ ಅವಸರ ಬೇಡವೇ ಬೇಡ.

ಟರ್ಮಿನಲ್ ಫೋಟೋ ತೆಗೆದಿಟ್ಟುಕೊಳ್ಳಿ. ಗ್ಲ್ಯಾಂಡ್ ನಟ್ ತಿರುಗಿಸುವಾಗ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ವೈರಿನ ಸಮೇತ ತಿರುಚಿದರೆ ಒಳಗಿನ ಬೆಸುಗೆ ಬಿಡುತ್ತದೆ. ಕೇಬಲ್ ಉದ್ದ ಇದ್ದರೆ ವೈರು ಬಿಚ್ಚಲೇಬೇಡಿ. ಸೆನ್ಸರ್ ಕಂಟ್ರೋಲರ್‌ಗೆ ಸೇರಿಕೊಂಡಿರುವಾಗಲೇ ತುದಿಯನ್ನು ಕ್ಯಾಲಿಬ್ರೇಟರ್‌ಗೆ (ಬೇಕಾದ ಉಷ್ಣಾಂಶವನ್ನು ಸ್ಥಿರವಾಗಿ ಕೊಡುವ ಸಾಧನ) ಹಾಕಿ. ಇದನ್ನು ಲೂಪ್ ಕ್ಯಾಲಿಬ್ರೇಶನ್ ಅನ್ನುತ್ತಾರೆ. ಸೆನ್ಸರ್ ಮಾತ್ರ ಬಿಚ್ಚಿ ಲ್ಯಾಬ್‌ಗೆ ಕಳಿಸಿದರೆ ಸರ್ಟಿಫಿಕೇಟ್ ಚೆನ್ನಾಗಿಯೇ ಬರುತ್ತದೆ, ಆದರೆ ವೈರು, ಟರ್ಮಿನಲ್, ಕಂಟ್ರೋಲರ್ ಇನ್‌ಪುಟ್ ಯಾವುದನ್ನೂ ಯಾರೂ ನೋಡಿರುವುದಿಲ್ಲ.

ಕೆಲವು ಯಂತ್ರಗಳಲ್ಲಿ ಕಂಟ್ರೋಲ್‌ಗೆ ಒಂದು, ಪ್ರಿಂಟರ್ ಅಥವಾ ರೆಕಾರ್ಡರ್‌ಗೆ ಇನ್ನೊಂದು, ಲೋಡ್ ಒಳಗೆ ಇಡಲು ಮತ್ತೊಂದು ಸೆನ್ಸರ್ ಇರುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ತೆಗೆದ ಮೇಲೆ ಕಣ್ಣಾಡಿಸಿ. ಸುಣ್ಣದ ಪದರ ಕಟ್ಟಿದ್ದರೆ ಅದು ಉಷ್ಣಾಂಶ ತಿಳಿಯಲು ತಡಮಾಡುತ್ತದೆ. ಬೋರ್‌ವೆಲ್ ನೀರು ಹಾಕುವ ಕಡೆ ಇದು ಮಾಮೂಲು. ತೆಳು ವಿನೆಗರ್‌ನಲ್ಲಿ ನೆನೆಸಿ ಒರೆಸಿ. ರೀಡಿಂಗ್ ಕಮ್ಮಿ ಬರುತ್ತಿದೆ ಎಂಬ ಅನುಮಾನ ಇದ್ದರೆ ಮಾತ್ರ ವೈರು ಬಿಚ್ಚಿ, ಕೊಳವೆಗೂ ವೈರಿಗೂ ನಡುವಿನ ಇನ್ಸುಲೇಶನ್ ಅನ್ನು 100 ವೋಲ್ಟ್‌ನಲ್ಲಿ ಅಳೆಯಿರಿ. 100 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಆ ಸೆನ್ಸರ್ ಕೆಲಸ ಮುಗಿಯಿತು. ಕಂಟ್ರೋಲರ್ ಸೇರಿಕೊಂಡಿರುವಾಗ ಈ ಪರೀಕ್ಷೆ ಮಾಡಿದರೆ ಕಂಟ್ರೋಲರೇ ಸುಡುತ್ತದೆ.

ಹಂತ 3: ಐಸ್ ಪಾಯಿಂಟ್

ಡಿಸ್ಟಿಲ್ಡ್ ನೀರಿನ ಐಸನ್ನು ಸಣ್ಣಗೆ ಪುಡಿ ಮಾಡಿ ಫ್ಲಾಸ್ಕ್ ತುಂಬ ಒತ್ತಿ ತುಂಬಿಸಿ. ಸಂದು ತುಂಬುವಷ್ಟು ತಣ್ಣನೆಯ ಡಿಸ್ಟಿಲ್ಡ್ ನೀರು ಹಾಕಿ, ಐಸ್ ತೇಲುವಷ್ಟು ಬೇಡ. ರೆಫರೆನ್ಸ್ ಥರ್ಮಾಮೀಟರನ್ನೂ (ಹೋಲಿಕೆಗೆ ಬಳಸುವ, ಸರ್ಟಿಫಿಕೇಟ್ ಇರುವ ಥರ್ಮಾಮೀಟರ್) ನಿಮ್ಮ ಸೆನ್ಸರನ್ನೂ ಐಸಿನ ಮಧ್ಯಕ್ಕೆ ಇಳಿಸಿ 15 ನಿಮಿಷ ಬಿಡಿ. ಡಿಸ್‌ಪ್ಲೇ 0.0 ತೋರಿಸಬೇಕು. ಇದು ಅಗ್ಗದ ಪರೀಕ್ಷೆ, ತಿಂಗಳಿಗೊಮ್ಮೆ ಮಾಡಿದರೂ ಖರ್ಚಿಲ್ಲ. ಹೋದ ತಿಂಗಳು 0.1, ಈಗ 0.8 ಅಂದರೆ ಸೆನ್ಸರ್ ಜಾರುತ್ತಿದೆ. ಆದರೆ ಇಲ್ಲಿ ಸರಿ ಬಂದ ಮಾತ್ರಕ್ಕೆ 121ರಲ್ಲೂ ಸರಿ ಅಂತ ಹೇಳಲಾಗದು.

ಕುದಿಯುವ ನೀರಿನಲ್ಲಿ ಅದ್ದಿ "100 ಬರಬೇಕು" ಅಂತ ಹೊಂದಿಸುವ ಪದ್ಧತಿಯೂ ಇದೆ. ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಸುಮಾರಿಗೆ. ಅದನ್ನು 100 ಮಾಡಲು ಮೂರು ಡಿಗ್ರಿ ಕೂಡಿಸಿದರೆ ಮುಂದೆ ಡಿಸ್‌ಪ್ಲೇಯ 121 ಅಂದರೆ ನಿಜದ 118. ಮೇಲೆ ಹೇಳಿದ ಅರ್ಧಕ್ಕರ್ಧದ ಲೆಕ್ಕ ಇದೇ.

ಹಂತ 4: ಬಿಸಿ ಬಿಂದುಗಳು

ಕೆಲಸದ ಉಷ್ಣಾಂಶ ಮಧ್ಯೆ ಬರುವಂತೆ ಬಿಂದುಗಳನ್ನು ಆರಿಸಿ. 121 ಮಾತ್ರ ಬಳಸುವ ಲ್ಯಾಬ್‌ಗೆ 110, 121, 126 ಸಾಕು. 134ನ್ನೂ ಬಳಸುವ ಆಸ್ಪತ್ರೆಗೆ 110, 121, 134, 138 ಇಟ್ಟುಕೊಳ್ಳಿ.

ಸಿಲಿಕೋನ್ ಎಣ್ಣೆಯ ಬಾತ್ ಇದ್ದರೆ ಅತ್ಯುತ್ತಮ. ಊರೂರಿಗೆ ಒಯ್ಯುವವರ ಬಳಿ ಇರುವುದು ಡ್ರೈ ಬ್ಲಾಕ್, ಅಂದರೆ ಸೆನ್ಸರ್ ಇಡಲು ತೂತುಗಳಿರುವ, ಬಿಸಿ ಮಾಡುವ ಲೋಹದ ಗಟ್ಟಿ. ಅದರಲ್ಲಿ ಕೆಲವು ಎಚ್ಚರ ಬೇಕು. ಬ್ಲಾಕ್‌ನ ಡಿಸ್‌ಪ್ಲೇ ನಂಬಬೇಡಿ. ಪಕ್ಕದ ತೂತಿನಲ್ಲಿ ರೆಫರೆನ್ಸ್ ಥರ್ಮಾಮೀಟರ್ ಇಟ್ಟು ಅದನ್ನೇ ನಂಬಿ. ಎರಡರ ತುದಿಯೂ ಒಂದೇ ಆಳದಲ್ಲಿ ಇರಬೇಕು. ತೂತು ಸೆನ್ಸರ್‌ಗೆ ಬಿಗಿಯಾಗಿ ಕೂರಬೇಕು, ಲೊಡಲೊಡ ಅನ್ನಬಾರದು. ತೂತಿಗೆ ಎಣ್ಣೆ ಹಾಕಬೇಡಿ, ಸುಟ್ಟು ಹೊಗೆಯಾಡಿ ಬ್ಲಾಕ್ ಹಾಳಾಗುತ್ತದೆ.

ಆಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ದೊಡ್ಡ ತಪ್ಪು ಬರುವುದು ಇಲ್ಲೇ. ಸ್ಟೀಲ್ ಕೊಳವೆ ಶಾಖವನ್ನು ಹೊರಗಿನ ಗಾಳಿಗೆ ಸಾಗಿಸುತ್ತದೆ. 6 ಮಿ.ಮೀ. ದಪ್ಪದ ಸೆನ್ಸರ್‌ಗೆ ಕನಿಷ್ಠ 10ರಿಂದ 15 ಪಟ್ಟು, ಅಂದರೆ 60ರಿಂದ 90 ಮಿ.ಮೀ., ಅದರ ಮೇಲೆ ಒಳಗಿನ ಸುರುಳಿಯ ಉದ್ದ, ಅಷ್ಟು ಮುಳುಗಬೇಕು. ವರ್ಟಿಕಲ್ ಯಂತ್ರಗಳ ಗಿಡ್ಡ ಸೆನ್ಸರ್ ಒಟ್ಟಾರೆಯೇ ಅಷ್ಟು ಉದ್ದ ಇರುವುದಿಲ್ಲ. ಅಂಥದ್ದನ್ನು ಬ್ಲಾಕ್‌ನಲ್ಲಿ ಇಟ್ಟರೆ ಒಂದು ಡಿಗ್ರಿ ಕಮ್ಮಿ ತೋರಿಸಿದರೂ ಆಶ್ಚರ್ಯವಿಲ್ಲ. ಅದನ್ನು ನಂಬಿ ಒಂದು ಡಿಗ್ರಿ ಕೂಡಿಸಿದರೆ ಒಳ್ಳೆಯ ಸೆನ್ಸರನ್ನು ನೀವೇ ಕೆಡಿಸಿದಂತೆ. ಗಿಡ್ಡ ಸೆನ್ಸರ್‌ಗೆ ಎಣ್ಣೆ ಬಾತ್ ಬಳಸಿ. ಅದೂ ಇಲ್ಲದಿದ್ದರೆ ಚೇಂಬರ್‌ನೊಳಗೇ, ಹಬೆಯಲ್ಲೇ, ಅದರ ತುದಿಯ ಪಕ್ಕ ಕ್ಯಾಲಿಬ್ರೇಟ್ ಆದ ಡೇಟಾ ಲಾಗರ್ (ಉಷ್ಣಾಂಶವನ್ನು ತಾನೇ ದಾಖಲಿಸುವ ಪುಟ್ಟ ಸಾಧನ) ಕಟ್ಟಿ ಹೋಲಿಸಿ.

ಪ್ರತಿ ಬಿಂದುವಿನಲ್ಲೂ ರೆಫರೆನ್ಸ್ ಐದು ನಿಮಿಷದಲ್ಲಿ 0.05 ಡಿಗ್ರಿಗಿಂತ ಹೆಚ್ಚು ಅಲುಗಾಡದ ತನಕ ಕಾಯಿರಿ. ಆಮೇಲೆ ನಿಮಿಷಕ್ಕೊಂದರಂತೆ ಐದು ಜೋಡಿ ರೀಡಿಂಗ್ ಬರೆದು ಸರಾಸರಿ ತೆಗೆಯಿರಿ.

ರೆಫರೆನ್ಸ್ ಥರ್ಮಾಮೀಟರ್‌ನ ಸರ್ಟಿಫಿಕೇಟ್ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನದ್ದಾಗಿರಲಿ. ಆ ಲ್ಯಾಬ್‌ನ ಅಳತೆ ರಾಷ್ಟ್ರೀಯ ಮಾನಕದ ತನಕ ಕೊಂಡಿ ಕೊಂಡಿಯಾಗಿ ಸೇರಿರುತ್ತದೆ. ಸರ್ಟಿಫಿಕೇಟನ್ನು ಫೈಲಿನಲ್ಲಿಟ್ಟು ಮರೆಯಬೇಡಿ, ಅದರೊಳಗಿನ ತಿದ್ದುಪಡಿ ಅಂಕಿ ಬಳಸಿ. ರೆಫರೆನ್ಸ್ 121.10 ತೋರಿಸಿದೆ, ಸರ್ಟಿಫಿಕೇಟ್ −0.06 ಅನ್ನುತ್ತದೆ ಅಂದರೆ ನಿಜ 121.04. ಆಗ ನಿಮ್ಮ ಡಿಸ್‌ಪ್ಲೇ 121.9 ಇದ್ದರೆ ತಪ್ಪು +0.9.

ಹಂತ 5: ಮೊದಲು ಬರೆಯಿರಿ, ಆಮೇಲೆ ತಿರುಗಿಸಿ

ಏನನ್ನೂ ಮುಟ್ಟುವ ಮುಂಚೆ ಸಿಕ್ಕ ಅಂಕಿಗಳಿಗೆ ಆಸ್ ಫೌಂಡ್ ಅನ್ನುತ್ತಾರೆ. ಎಲ್ಲ ಬಿಂದುಗಳದ್ದೂ ಬರೆದಾದ ಮೇಲೆಯೇ ಹೊಂದಾಣಿಕೆ. ಆಸ್ ಫೌಂಡ್ ಇಲ್ಲದ ಕ್ಯಾಲಿಬ್ರೇಶನ್ ರಿಪೋರ್ಟ್ ನನ್ನ ದೃಷ್ಟಿಯಲ್ಲಿ ಅರ್ಧ ರಿಪೋರ್ಟ್. ಇಷ್ಟು ದಿನ ಯಂತ್ರ ಏನು ಮಾಡುತ್ತಿತ್ತು ಅನ್ನುವುದು ಆಸ್ ಫೌಂಡ್ ಅಂಕಿಗಳಲ್ಲಿ ಮಾತ್ರ ಇರುತ್ತದೆ.

ಒಂದು ಉದಾಹರಣೆ. 110ರಲ್ಲಿ ತಪ್ಪು +0.8, 121ರಲ್ಲಿ +0.9, 134ರಲ್ಲಿ +1.0 ಬಂತು ಅನ್ನಿ. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಕಂಟ್ರೋಲರ್‌ನ ಇನ್‌ಪುಟ್ ಆಫ್‌ಸೆಟ್ −0.9 ಮಾಡಿದರೆ ಕೆಲಸ ಆಯಿತು. ಬದಲಿಗೆ 0.2, 0.7, 1.3 ಬಂದರೆ ತಪ್ಪು ಬಿಸಿಯ ಜೊತೆ ಏರುತ್ತಿದೆ. ಇಲ್ಲಿ ಬರೀ ಆಫ್‌ಸೆಟ್ ಹಾಕಿದರೆ 121 ಸರಿಯಾಗುತ್ತದೆ, 134ರಲ್ಲಿ 0.6 ಉಳಿಯುತ್ತದೆ. ಕಂಟ್ರೋಲರ್‌ನಲ್ಲಿ ಎರಡು ಬಿಂದುವಿನ ಹೊಂದಾಣಿಕೆ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸೆನ್ಸರ್ ಬದಲಿಸುವುದೇ ಮೇಲು.

ತಪ್ಪು ಒಂದೂವರೆ ಡಿಗ್ರಿ ಮೀರಿದರೆ ನಾನು ಹೊಂದಿಸಲು ಹೋಗುವುದಿಲ್ಲ. ಅಷ್ಟು ಜಾರಿದ ಸೆನ್ಸರ್ ಅಲ್ಲಿಗೇ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಹೊಸದು ಕೊಳ್ಳುವಾಗ ಕ್ಲಾಸ್ ಎ ಕೇಳಿ. ಅದಕ್ಕೆ 121ರಲ್ಲಿ ±0.39 ಡಿಗ್ರಿಯ ಮಿತಿ. ಕ್ಲಾಸ್ ಬಿ ಆದರೆ ±0.9. ಹೊಸ ಸೆನ್ಸರ್ ಹಾಕಿದ ಕೂಡಲೇ ಹಳೇ ಆಫ್‌ಸೆಟ್ ಸೊನ್ನೆ ಮಾಡುವುದನ್ನು ಮರೆಯಬೇಡಿ, ಬಹಳ ಕಡೆ ಅದು ಹಾಗೇ ಉಳಿದಿರುತ್ತದೆ.

ಹೊಂದಿಸಿದ ಮೇಲೆ ಎಲ್ಲ ಬಿಂದುಗಳನ್ನೂ ಮತ್ತೆ ಅಳೆಯಿರಿ. ಇದು ಆಸ್ ಲೆಫ್ಟ್. ಕಂಟ್ರೋಲರ್‌ನ ಹಳೇ ಮತ್ತು ಹೊಸ ಆಫ್‌ಸೆಟ್ ಅಂಕಿ ಎರಡನ್ನೂ ದಾಖಲೆಯಲ್ಲಿ ಬರೆಯಿರಿ, ಪಾಸ್‌ವರ್ಡ್ ಇದ್ದರೆ ಹಾಕಿಡಿ.

ಅಳತೆಯ ಅನಿಶ್ಚಿತತೆ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ರೆಫರೆನ್ಸ್‌ನಿಂದ 0.05, ಬ್ಲಾಕ್‌ನ ತೂತುಗಳ ನಡುವಿನ ವ್ಯತ್ಯಾಸದಿಂದ 0.09, ಓಲಾಟದಿಂದ 0.03, ಡಿಸ್‌ಪ್ಲೇಯ ಕೊನೆಯ ಅಂಕಿಯಿಂದ 0.03 ಅಂತ ಇಟ್ಟುಕೊಳ್ಳಿ. ಒಂದೊಂದನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 0.11. ಅದರ ದುಪ್ಪಟ್ಟು 0.22. ನಿಮ್ಮ ಮಿತಿ ±0.5 ಆಗಿದ್ದರೆ, ಆಸ್ ಲೆಫ್ಟ್ ತಪ್ಪು 0.28ರ ಒಳಗಿದ್ದಾಗ ಧೈರ್ಯವಾಗಿ ಪಾಸ್ ಅನ್ನಬಹುದು.

ಹಂತ 6: ವಾಪಸ್ ಕೂರಿಸಿ, ಹಬೆಯನ್ನೇ ಮತ್ತೆ ಕೇಳಿ

ಸೆನ್ಸರನ್ನು ಮೊದಲಿದ್ದ ಆಳಕ್ಕೇ ಕೂರಿಸಿ. ಅರ್ಧ ಇಂಚು ಹಿಂದೆ ನಿಂತರೆ ತುದಿ ಗೋಡೆಯ ಉಷ್ಣಾಂಶ ಹೇಳುತ್ತದೆ. ಗ್ಲ್ಯಾಂಡ್‌ನ ಸೀಲ್ ಹೊಸದು ಹಾಕಿ. ವ್ಯಾಕ್ಯೂಮ್ ಯಂತ್ರವಾದರೆ ಲೀಕ್ ಟೆಸ್ಟ್ ಕಡ್ಡಾಯ. ವ್ಯಾಕ್ಯೂಮ್ ಎಳೆದು ನಿಲ್ಲಿಸಿದ ಮೇಲೆ ಒತ್ತಡ ನಿಮಿಷಕ್ಕೆ 1.3 ಮಿಲಿಬಾರ್‌ಗಿಂತ ಹೆಚ್ಚು ಏರಬಾರದು. ಹತ್ತು ನಿಮಿಷಕ್ಕೆ 13 ಮಿಲಿಬಾರ್ ಅಂತ ನೆನಪಿಟ್ಟುಕೊಳ್ಳಿ.

ಈಗ ಹಂತ 1ರ ಖಾಲಿ ಸೈಕಲ್ ಮತ್ತೆ ಓಡಿಸಿ. ಉಷ್ಣಾಂಶವೂ ಒತ್ತಡವೂ ಪಟ್ಟಿಯ ಜೊತೆ ಅರ್ಧ ಡಿಗ್ರಿಯೊಳಗೆ ಹೊಂದಿದರೆ ಕೆಲಸ ಸರಿಯಾಗಿದೆ. ಬ್ಲಾಕ್‌ನಲ್ಲಿ ಸರಿ ಬಂದು ಹಬೆಯಲ್ಲಿ ಹೊಂದದಿದ್ದರೆ ಪ್ರೆಶರ್ ಗೇಜನ್ನೂ ಕ್ಯಾಲಿಬ್ರೇಶನ್‌ಗೆ ಕಳಿಸಿ, ಗಾಳಿ ಮತ್ತು ಸೆನ್ಸರ್ ಕೂತ ಆಳವನ್ನು ಇನ್ನೊಮ್ಮೆ ನೋಡಿ.

ಕೊನೆಗೆ ನಿಮ್ಮ ಎಂದಿನ ತುಂಬಿದ ಲೋಡ್ ಒಳಗೆ ಡೇಟಾ ಲಾಗರ್‌ಗಳನ್ನು ಇಟ್ಟು ಒಂದು ಸೈಕಲ್ ಓಡಿಸಿ. ಡ್ರೈನ್ ಹತ್ತಿರ ಒಂದು, ದೊಡ್ಡ ಗಂಟಿನ ನಡುವೆ ಒಂದು, ತುಂಬಿದ ಬಾಟಲಿ ಒಳಗೆ ಒಂದು. ಹೋಲ್ಡ್ ಸಮಯದ ಉದ್ದಕ್ಕೂ ಎಲ್ಲವೂ 121ರಿಂದ 124ರ ನಡುವೆ ಇರಬೇಕು. ಬಾಟಲಿಯ ದ್ರವ ಚೇಂಬರ್‌ಗಿಂತ ಬಹಳ ತಡವಾಗಿ ಬಿಸಿಯಾಗುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆ ತಡಕ್ಕೆ ಸೈಕಲ್ ಸಮಯ ಹೆಚ್ಚಿಸಬೇಕು. ಅದನ್ನು ಸೆನ್ಸರ್ ದೋಷ ಅಂದುಕೊಂಡು ಮತ್ತೆ ಆಫ್‌ಸೆಟ್ ಕಡೆ ಹೋಗಬೇಡಿ.

ಆಸ್ ಫೌಂಡ್ ಕೆಟ್ಟದಾಗಿ ಬಂದರೆ

ಹೊಂದಿಸಿ ಸ್ಟಿಕ್ಕರ್ ಅಂಟಿಸಿದರೆ ಇನ್ನು ಮುಂದಿನದ್ದು ಸರಿಯಾಯಿತು. ಹಿಂದಿನದ್ದು? ಮೇಲಿನ ಉದಾಹರಣೆಯಲ್ಲಿ ತಪ್ಪು +0.9 ಇತ್ತು. ಅಂದರೆ ಡಿಸ್‌ಪ್ಲೇಯ 121 ನಿಜದಲ್ಲಿ 120.1. 15 ನಿಮಿಷದ ಸೈಕಲ್ 121ರ ಸುಮಾರು 12 ನಿಮಿಷಕ್ಕೆ ಸಮನಾಗಿ ಕೆಲಸ ಮಾಡಿದೆ. ಇಂಥ ಯಂತ್ರಗಳ ಪರೀಕ್ಷೆಗೆ ಬಳಸುವ ಜಿಯೋಬ್ಯಾಸಿಲಸ್ ಬೀಜಾಣುಗಳ ಸಂಖ್ಯೆ 121ರಲ್ಲಿ ಹತ್ತನೇ ಒಂದಕ್ಕೆ ಇಳಿಯಲು ಸುಮಾರು ಒಂದೂವರೆಯಿಂದ ಎರಡು ನಿಮಿಷ ಬೇಕು. ಹಾಗಾಗಿ 12 ನಿಮಿಷ ಅಂದರೆ ಪೂರ್ತಿ ವ್ಯರ್ಥ ಅಲ್ಲ. ಆದರೆ ನೀವು ಲೆಕ್ಕ ಹಾಕಿಕೊಂಡಿದ್ದ ಸುರಕ್ಷತೆಯ ಅಂಚು ಕಿರಿದಾಗಿತ್ತು. ಹಿಂದಿನ ಕ್ಯಾಲಿಬ್ರೇಶನ್ ದಿನಾಂಕದಿಂದ ಇಂದಿನವರೆಗಿನ ಸೈಕಲ್ ದಾಖಲೆ, ಬಯಾಲಜಿಕಲ್ ಇಂಡಿಕೇಟರ್ (ಬೀಜಾಣು ಇಟ್ಟು ಅವು ಸತ್ತವೇ ಎಂದು ನೋಡುವ ಪರೀಕ್ಷೆ) ಫಲಿತಾಂಶ, ಪ್ರೆಶರ್ ದಾಖಲೆ ತೆಗೆದು ನೋಡಿ. ಪ್ರೆಶರ್ ಪ್ರಿಂಟ್‌ಔಟ್ ಇದ್ದರೆ ಆ ದಿನಗಳ ನಿಜವಾದ ಉಷ್ಣಾಂಶವನ್ನು ಈಗಲೂ ಪಟ್ಟಿಯಿಂದ ಹುಡುಕಬಹುದು. ಆಸ್ಪತ್ರೆಯಾದರೆ ತೀರ್ಮಾನ ಸೋಂಕು ನಿಯಂತ್ರಣ ತಂಡದ್ದು, ಔಷಧ ಕಾರ್ಖಾನೆಯಾದರೆ ಕ್ವಾಲಿಟಿ ವಿಭಾಗದ್ದು. ಟೆಕ್ನಿಷಿಯನ್ ತಾನೇ "ಪರವಾಗಿಲ್ಲ ಬಿಡಿ" ಅನ್ನುವಂತಿಲ್ಲ.

ಮುಂದಿನ ಕ್ಯಾಲಿಬ್ರೇಶನ್ ಯಾವಾಗ ಅಂದರೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಒಂದೇ ವರ್ಷದಲ್ಲಿ ಅರ್ಧ ಡಿಗ್ರಿ ಜಾರಿದ್ದರೆ ಆರು ತಿಂಗಳಿಗೆ ಇಳಿಸಿ. ಸೆನ್ಸರ್, ಕೇಬಲ್ ಅಥವಾ ಕಂಟ್ರೋಲರ್ ಬದಲಿಸಿದರೆ ಅವತ್ತೇ ಮಾಡಿ, ಸ್ಟಿಕ್ಕರ್‌ನ ದಿನಾಂಕ ಎಷ್ಟೇ ದೂರ ಇರಲಿ.